ಎರಡೂವರೆ ಕಿಲೋ ಗುಟ್ಟು

ತೂಕದ ವಿಷಯದಲ್ಲಿ ಸುಳ್ಳು ಹೇಳುವವರು ಮದುವೆಗೆ ನಿಂತವರು ಮಾತ್ರ ಎಂದುಕೊಂಡಿದ್ದೆ. ಎಪ್ಪತ್ತು ದಾಟಿದ ಮೇಲೆ ನಾನೂ ಆ ಗುಂಪಿಗೆ ಸೇರಿದೆ.

ಹೃದಯ ದುರ್ಬಲವಾಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದು, ಕಿದ್ವಾಯಿ ನಗರದಲ್ಲಿರುವ ಮಗನ ಕ್ವಾರ್ಟರ್ಸಿಗೆ ಮರಳುವಾಗ ಡಾಕ್ಟರು ಕೊಟ್ಟ ಕಾಗದದಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಒಂದು ಸಾಲಿತ್ತು: ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಕೂಡಲೇ ತಿಳಿಸಿ. ಸೋತ ಹೃದಯ ನೀರನ್ನು ಹೊರಗೆ ಕಳಿಸಲಾರದೆ ಮೈಯಲ್ಲೇ ಇಟ್ಟುಕೊಳ್ಳುತ್ತದಂತೆ. ಮೂವತ್ತೈದು ವರ್ಷ ಸರ್ಕಾರಿ ಕಡತಗಳನ್ನು ಹೀಗೆಯೇ ಇಟ್ಟುಕೊಂಡಿದ್ದ ನನಗೆ ಇದು ಬೇಗ ಅರ್ಥವಾಯಿತು.

ಪಕ್ಕದ ಹಾಸಿಗೆಯಲ್ಲಿದ್ದ ದೇಶಪಾಂಡೆಯವರೂ ಅದೇ ದಿನ ಮನೆಗೆ ಹೋದರು. ಧಾರವಾಡದ ಕಡೆಯವರು; ಗುರುಗ್ರಾಮದಲ್ಲಿ ಮಗಳು ಮಂಜುಳಾಳ ಜೊತೆ ಹದಿನಾಲ್ಕನೆಯ ಮಹಡಿಯಲ್ಲಿ ವಾಸ. ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ತೂಕ ಹೇಳಿಕೊಳ್ಳುತ್ತಿದ್ದೆವು, ಅಂಕ ಹೋಲಿಸುವ ಹುಡುಗರ ಹಾಗೆ. ಇಲ್ಲಿ ಕಡಿಮೆ ಬಂದವನೇ ಜಾಣ. ಕದ್ದು ತಿಂದ ಉಪ್ಪಿನಕಾಯಿಯನ್ನೂ ಒಬ್ಬರಿಗೊಬ್ಬರು ಒಪ್ಪಿಕೊಳ್ಳುತ್ತಿದ್ದೆವು. ಮನೆಯವರಿಗೆ ಹೇಳುತ್ತಿರಲಿಲ್ಲ.

ಮೂರನೆಯ ವಾರ, ಗುರುವಾರ, ಅವರ ದನಿ ತಗ್ಗಿತು.

“ಎರಡೂವರೆ ಕಿಲೋ ಏರೇದ. ಮಂಜುಳಾಗ ಹೇಳಬ್ಯಾಡ್ರಿ. ಈಗಷ್ಟ ರಜಾ ಮುಗಿಸಿ ಆಫೀಸಿಗೆ ಹೊಂಟಾಳ.”

ಆಸ್ಪತ್ರೆಗಾದರೂ ತಿಳಿಸಿ ಎಂದೆ. ಸೋಮವಾರ ಹೇಗೂ ತೋರಿಸುವುದಿದೆ, ಅಲ್ಲಿಯತನಕ ನೀರು ಕಡಿಮೆ ಕುಡಿಯುತ್ತೇನೆ ಎಂದರು. ಮಂಜುಳಾಳ ನಂಬರು ನನ್ನಲ್ಲಿತ್ತು. ಮಾತು ಕೊಟ್ಟವನ ಗತ್ತಿನಲ್ಲಿ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ನನ್ನ ಉಪ್ಪಿನಕಾಯಿಯ ಸುದ್ದಿಯೂ ಹೊರಬಿದ್ದೀತೆಂಬ ಅಂಜಿಕೆ ಇತ್ತು. ಇಷ್ಟು ಸಣ್ಣ ಕಾರಣ.

ಶನಿವಾರ ಅವರು ಫೋನ್ ಎತ್ತಲಿಲ್ಲ. ಭಾನುವಾರ ಮಂಜುಳಾ ಎತ್ತಿದಳು. ಉಸಿರು ಕಟ್ಟಿತು, ಆಸ್ಪತ್ರೆ ಮುಟ್ಟಿಸಿದರೂ ಉಳಿಯಲಿಲ್ಲ ಎಂದಳು.

ಎರಡು ವಾರದ ನಂತರ ಮಗನ ಜೊತೆ ಅವಳನ್ನು ನೋಡಲು ಹೋದೆ. ಹೇಳದೆ ಬಂದುಬಿಡಬಹುದಿತ್ತು. ಹೇಳಿದೆ: ನನಗೆ ಗುರುವಾರವೇ ಗೊತ್ತಿತ್ತು, ನಿನಗೆ ಮತ್ತೆ ರಜೆ ಹಾಕಿಸಬಾರದೆಂದು ಅವರು ಮುಚ್ಚಿಟ್ಟರು, ನಾನೂ ಮುಚ್ಚಿಟ್ಟೆ. ಮಂಜುಳಾ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

“ರಜಾ ಸಿಗ್ತಿತ್ತು, ಅಂಕಲ್,” ಎಂದಳು. ಅಷ್ಟೇ.

ಹೋದ ವಾರ ನನ್ನ ಪಾದ ಊದಿ ಚಪ್ಪಲಿ ಬಿಗಿಯಾಯಿತು, ತೂಕವೂ ಏರಿತ್ತು. ಮಗನಿಗೆ ಆಫೀಸಿನಲ್ಲಿ ಅಂದು ದೊಡ್ಡ ಮೀಟಿಂಗು. ಸಂಜೆಯವರೆಗೆ ತಡೆಯೋಣ ಎಂದು ಎರಡು ಸಲ ಫೋನ್ ಕೆಳಗಿಟ್ಟೆ. ಮೂರನೆಯ ಸಲ ಕರೆದೆ. ಬಂದ. ಆಸ್ಪತ್ರೆಯಲ್ಲಿ ನೀರು ಇಳಿಸುವ ಮಾತ್ರೆಯನ್ನು ಹೆಚ್ಚಿಸಿ ಕಳಿಸಿದರು. ಮರಳುವಾಗ ಅವನು ರಿಂಗ್ ರೋಡಿನ ಟ್ರಾಫಿಕ್ಕನ್ನು ಬೈದ, ಮೇಲಧಿಕಾರಿಯನ್ನು ಬೈದ, ಕೊನೆಗೆ ಮೊದಲೇ ಹೇಳಲಿಲ್ಲವೆಂದು ನನ್ನನ್ನೂ ಬೈದ. ಮಕ್ಕಳಿಗೆ ತೊಂದರೆ ಕೊಡಬಾರದೆಂಬ ದೊಡ್ಡಸ್ತಿಕೆಯನ್ನು ಈ ವಯಸ್ಸಿನಲ್ಲಿ ಬಿಡುವುದು ಸುಲಭವಲ್ಲ. ಕಿಟಕಿಯ ಕಡೆ ಮುಖ ಮಾಡಿ, ಮನೆ ಬರುವವರೆಗೂ ಬೈಸಿಕೊಳ್ಳುತ್ತ ಕುಳಿತೆ.