ಮೂರನೆಯ ನಲ್ಲಿ

“ಆ ಮನೆಯಲ್ಲಿ ಗುಟ್ಟು ಅನ್ನೋದು ಒಂದು ದಿನವೂ ಬದುಕಲ್ಲ” ಎನ್ನುತ್ತಿದ್ದರು ಅಕ್ಕಪಕ್ಕದವರು. ಬದುಕುವುದಾದರೂ ಹೇಗೆ? ಅಕ್ಕ ಮೂವತ್ತೊಂದು ವರ್ಷ ಬಟ್ಟೆ ಗಿರಣಿಯ ಮಗ್ಗಗಳ ನಡುವೆ ನಿಂತು ಕಿವಿ ಕಳೆದುಕೊಂಡವಳು. ತಮ್ಮ ನಲ್ಲಿ, ಪೈಪು ರಿಪೇರಿಯವನು. ಅವನು ಉಪ್ಪಿನ ಡಬ್ಬಿ ಎಲ್ಲಿ ಎಂದು ಅಕ್ಕನನ್ನು ಕೇಳಿದರೆ ನಾಲ್ಕನೇ ಮನೆಯವರು ತಮ್ಮ ಉಪ್ಪಿನ ಡಬ್ಬಿ ಹುಡುಕುತ್ತಿದ್ದರು.

ಆ ಅಕ್ಕ ಇವತ್ತು ನಾಲ್ಕು ಗಂಟೆಗೆ ಮಗಳ ಊರಿಗೆ ಹೊರಡುವವಳು, ಇನ್ನು ಅಲ್ಲೇ ಇರಲು. ಬ್ಯಾಗು ಆಗಲೇ ಬಾಗಿಲ ಬಳಿ ಬಂದು ಕೂತಿತ್ತು. ತಮ್ಮ ಮಾತ್ರ ಸ್ಟೀರಿಯೋ ಪೆಟ್ಟಿಗೆಯ ಹಿಂದೆ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದುದು ಅವನ ಎರಡು ಅಂಗಾಲು, ಕೇಳುತ್ತಿದ್ದುದು ಬೈಗುಳ.

ವಿಷಯ ಇಷ್ಟೆ. ಗಿರಣಿಯ ಹೆಂಗಸರು ಕೆಲಸದ ನಡುವೆ ಹಾಡುತ್ತಿದ್ದರು. ಮೊದಲ ಸಾಲು ಎತ್ತಿಕೊಟ್ಟು ಮುಂದೆ ಹಾಡುತ್ತಿದ್ದವಳು ಈ ಅಕ್ಕ. ಮಗ್ಗದ ಗದ್ದಲದಲ್ಲಿ ಯಾರ ದನಿಯೂ ಯಾರಿಗೂ ಕೇಳುತ್ತಿರಲಿಲ್ಲ, ತನ್ನದು ತನಗೂ ಇಲ್ಲ. ಒಬ್ಬರ ತುಟಿ ಒಬ್ಬರು ನೋಡಿಕೊಂಡು ಹಾಡುವುದು. ಪಕ್ಕದ ಮಗ್ಗದವಳ ತುಟಿ ಮಾತ್ರ ಎರಡನೇ ಸಾಲಿಗೆ ಯಾವಾಗಲೂ ಹಿಂದೆ ಬೀಳುತ್ತಿತ್ತಂತೆ. “ಎಳೀತಾಳೆ, ಎಳೀತಾಳೆ” ಎಂದು ಅಕ್ಕ ಮನೆಗೆ ಬಂದು ಗೊಣಗದ ದಿನವಿರಲಿಲ್ಲ. ಆ ಪಕ್ಕದ ಮಗ್ಗದವಳು ಹೋದ ವರ್ಷ ತೀರಿಕೊಂಡಳು. ಯಾವ ಕಾಲದಲ್ಲೋ ಯಾರೋ ಗಿರಣಿಯಲ್ಲೇ ಹಾಡುವವರ ಬಾಯಿ ಬಳಿ ಮೈಕು ಹಿಡಿದು ತುಂಬಿಕೊಂಡಿದ್ದ ಆ ಹಾಡಿನ ಕ್ಯಾಸೆಟ್ಟು ಅವಳ ಪೆಟ್ಟಿಗೆಯಲ್ಲಿ ಸಿಕ್ಕಿ, ಅವಳ ಮಗಳು ಅದನ್ನು ಕಂಪ್ಯೂಟರಿನಲ್ಲಿ ಕೇಳುವಂತೆ ಮಾಡಿಸಿ ಕಳಿಸಿದ್ದಳು.

ಕಂಪ್ಯೂಟರಿನ ಸ್ಪೀಕರಿಗೆ ಬಲಗಿವಿ ಒತ್ತಿ ಅಕ್ಕ ಹೇಳಿದ್ದಳು: “ಇರುವೆ ಪಿಸುಗುಟ್ಟಿದ ಹಾಗಿದೆ ಕಣೋ.” ಇದ್ದುದೇ ಆ ಒಂದು ಕಿವಿ, ಅದೂ ಇನ್ನೊಂದು ವರ್ಷ ಬಾಳಲಾರದು ಎಂದಿದ್ದರು ಡಾಕ್ಟರು. ಅಕ್ಕ ಹೋಗಲಿರುವ ಮಗಳ ಮನೆಯಲ್ಲೋ ಮೇಲೆ ಕೆಳಗೆ ಜನ, ಚಮಚ ಬಿದ್ದರೂ ಜಗಳ. ಕೇಳಿಸಿದರೆ ಇಲ್ಲೇ, ಈ ದೊಡ್ಡ ಪೆಟ್ಟಿಗೆಯಲ್ಲೇ, ನಾಲ್ಕರೊಳಗೇ.

ತಮ್ಮನದೊಂದು ವ್ರತ. ಯಾವ ಪೈಪಿಗೆ ಕೈ ಹಾಕುವ ಮೊದಲೂ ದಾರಿಯಲ್ಲಿರುವ ನಲ್ಲಿಗಳನ್ನೆಲ್ಲ ಮುಚ್ಚಬೇಕು. ಬೆಳಗ್ಗೆಯೂ ಹಾಗೇ, ಸದ್ದಿನ ನಲ್ಲಿಗಳನ್ನೆಲ್ಲ ಸೊನ್ನೆಗೆ ಮುಚ್ಚಿಯೇ ಕೂತ. ಆಮೇಲೆ ವೈರಿನ ಒಂಟಿ ತುದಿಯನ್ನು ಕಂಪ್ಯೂಟರಿಗೆ, ಕೆಂಪು ಬಿಳಿ ಎರಡು ತುದಿಗಳನ್ನು ಸ್ಟೀರಿಯೋ ಬೆನ್ನಿಗೆ ಸಿಕ್ಕಿಸಿದ. “ಕೆಂಪು ಬಿಸಿನೀರು, ಬಿಳಿ ತಣ್ಣೀರು. ಇದೇನು ಮಹಾ!” ನಲ್ಲಿ ತಿರುಗಿಸಿದ. ಹಾಡು ಬರಲಿಲ್ಲ. ಕೆಂಪು ಬಿಳಿ ಅದಲು ಬದಲು ಮಾಡಿದ. ತೂತುಗಳಿಗೆ ಊದಿದ. ಹೋಗಿ ಹೊಸ ವೈರು ತಂದ. ಅದು ಸಡಿಲ ಅನ್ನಿಸಿ, ಪೈಪಿಗೆ ಸುತ್ತುವ ಬಿಳಿ ಟೇಪನ್ನು ಪಿನ್ನಿಗೆ ನಾಲ್ಕು ಸುತ್ತು ಸುತ್ತಿದ.

ಎದುರು ಮನೆಯ ದರ್ಜಿ ಕಿಟಕಿಯಲ್ಲಿ ಇಣುಕಿದವನು ಹಣೆ ಚಚ್ಚಿಕೊಂಡ. “ಏನಣ್ಣಾ, ಹಾಡು ಸೋರುತ್ತೆ ಅಂತಾನಾ? ಬಿಚ್ಚು, ಟೇಪಿದ್ರೆ ಸದ್ದು ದಾಟಲ್ಲ.”

“ನಿನ್ನ ಸೂಜಿಗೆ ನೀನು ದಾರ ಪೋಣಿಸ್ಕೋ ಹೋಗು!” ಎಂದ. ಬಿಚ್ಚಿದ್ದಂತೂ ನಿಜ. ಆದರೂ ಪೆಟ್ಟಿಗೆ ಬಾಯಿ ಬಿಡಲಿಲ್ಲ. ಸ್ಟೀರಿಯೋದ ಗುಂಡಿಯನ್ನು ಕೊನೆ ಮುಟ್ಟುವವರೆಗೆ ತಿರುಗಿಸಿದ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿದ್ದ ಸದ್ದನ್ನು ನೂರಕ್ಕೆ ಏರಿಸಿದ. ಮೂರೂವರೆ ಆಯಿತು, ಮುಕ್ಕಾಲಾಯಿತು.

“ಬಿಟ್ಟುಬಿಡೋ, ಬೆವರು ನೋಡು” ಎಂದಳು ಅಕ್ಕ, ಚಪ್ಪಲಿ ಹುಡುಕುತ್ತ.

“ಬಿಡಲ್ಲ! ಈ ದರಿದ್ರ ಪೆಟ್ಟಿಗೆನ ಒಡೆದಾದ್ರೂ ಕೇಳಿಸ್ತೀನಿ!”

“ನಲ್ಲಿ ತೆಗೆದು ನೋಡಿದ್ಯಾ?” ಊರಿನವರನ್ನೆಲ್ಲ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ ಅದು. ಅವನಿಗೆ ಮೈ ಉರಿದುಹೋಯಿತು.

“ತೆಗೆದಿದೀನಿ! ಎರಡೂ ತೆಗೆದಿದೀನಿ! ಪೂರ್ತಿ!”

ಅಕ್ಕ ಅವನ ತುಟಿಯನ್ನೇ ನೋಡುತ್ತಿದ್ದಳು. “ಎರಡಾ? ಬೆಳಗ್ಗೆ ನೀನು ಮುಚ್ಚಿದ್ದು ಮೂರು. ನನಗೆ ಕಿವಿ ಹೋಗಿದೆ, ಕಣ್ಣಲ್ಲ” ಎನ್ನುತ್ತ ಬಂದು, ಪರದೆಯ ಮೇಲೆ ಹಾಡು ಓಡುವ ಚೌಕದ ಕೆಳಗಿದ್ದ ಸದ್ದಿನ ಪುಟ್ಟ ಗೆರೆಯನ್ನು ಬೆರಳಿನಿಂದ ತೋರಿಸಿದಳು. ಗೆರೆಯ ಬೊಟ್ಟು ಎಡದ ತುದಿಯಲ್ಲಿ ಸೊನ್ನೆಗೆ ಅಂಟಿಕೊಂಡಿತ್ತು.

ಅವನು ಅದನ್ನು ಬಲಕ್ಕೆ ಎಳೆದ.

ಇಡೀ ಗಿರಣಿ ಮನೆಯೊಳಗೆ ನುಗ್ಗಿತು. ಕಿಟಕಿಯ ಗಾಜು ಗಡಗಡ ಎಂದಿತು, ದರ್ಜಿಯ ಕೈಯಿಂದ ಕತ್ತರಿ ಬಿತ್ತು. ತಮ್ಮ ಸದ್ದು ತಗ್ಗಿಸಲು ಕೈ ಚಾಚಿದರೆ ಅಕ್ಕ ಆ ಕೈಗೆ ಒಂದು ಬಿಟ್ಟಳು. ಪೆಟ್ಟಿಗೆಯ ಮೇಲೆ ಅಂಗೈ ಊರಿ, ಬಲಗಿವಿ ತಿರುಗಿಸಿ ನಿಂತಳು. ಮಗ್ಗಗಳ ಖಟಪಟದ ನಡುವಿನಿಂದ ಒಂದು ದನಿ ಎದ್ದಿತು, ತೆಳ್ಳಗೆ, ಮೊಂಡಾಗಿ. ಹಿಂದೆ ಹತ್ತಾರು ದನಿಗಳು. ಎರಡನೇ ಸಾಲು ಬಂತು. ಆ ಒಂಟಿ ದನಿ ಯಾರನ್ನೂ ಕಾಯದೆ ಮುಂದೆ ಓಡಿಬಿಟ್ಟಿತು. ಉಳಿದವರೆಲ್ಲ ಒಟ್ಟಿಗೆ, ಸರಿಯಾದ ಜಾಗಕ್ಕೆ ಬಂದರು.

ಅಕ್ಕನ ಹುಬ್ಬು ಗಂಟಾಯಿತು. “ಮತ್ತೆ ಹಾಕು.” ಮತ್ತೆ ಹಾಕಿದ.

“ಥೂ, ಓಡೋಳು ನಾನೇ ಕಣೋ! ಮೂವತ್ತೊಂದು ವರ್ಷ ಅವಳನ್ನ ಬೈದೆನಲ್ಲೋ. ಸತ್ತ ಮೇಲೆ ಗೊತ್ತಾಗಬೇಕಾ ಇದು?”

“ದನಿ ಚೆನ್ನಾಗಿದೆಯಲ್ಲಕ್ಕ” ಎಂದು ತಮ್ಮ ಕಿರುಚಿದ.

“ದನಿ ತಗೊಂಡು ಏನ್ಮಾಡ್ಲಿ! ಅವಳ ಮಗಳಿಗೆ ಫೋನ್ ಮಾಡಿ ಹೇಳು. ನಿಮ್ಮಮ್ಮ ಎಳೀತಿರಲಿಲ್ಲ ಅಂತ ಹೇಳು. ಇವತ್ತೇ ಹೇಳು.”

ಬೀದಿಯಲ್ಲಿ ಕಾರು ನಿಂತಿತು, ಅದರ ಹಾರ್ನ್ ತಮ್ಮನಿಗೂ ಕೇಳಿಸಲಿಲ್ಲ, ದರ್ಜಿ ಕೈಬೀಸಿ ತೋರಿಸಬೇಕಾಯಿತು. ತಮ್ಮ ಬ್ಯಾಗು ಎತ್ತಿಕೊಂಡ. ಅಕ್ಕ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ತಿರುಗಿದಳು.

“ಆ ವೈರು ಕೀಳಬೇಡ. ಕಿತ್ತರೆ ಈ ಜನ್ಮದಲ್ಲಿ ನೀನು ಮತ್ತೆ ಕೂಡಿಸಲ್ಲ” ಎಂದವಳೇ ಮೆಟ್ಟಿಲಿಳಿದಳು. ಎರಡನೇ ಸಾಲು ಅವಳ ತುಟಿಯ ಮೇಲಿತ್ತು. ಈ ಸಲ ನಿಧಾನವಾಗಿ, ಹಿಂದಿನವರು ಬರಲೆಂದು ಕಾಯುತ್ತ.