ನೀರು ಕುಡಿಯುವ ಗಾಡಿ

ಬಿಸ್ಮಿಲ್ಲಾ ಅನ್ನದೆ ಜತ್ತದ ಮೆಕ್ಯಾನಿಕ್ ಅಲ್ಲಾಭಕ್ಷ ಒಂದು ದಿನವೂ ನಟ್ಟು ಬಿಚ್ಚುವ ಪಾನಾ ಹಿಡಿದವನಲ್ಲ. ೨೦೦೮ರ ಆ ಬೆಳಿಗ್ಗೆ ಮಾತ್ರ, ಸನಮಡಿ ಹಳ್ಳಿಗೆ ಬಂದು ಬಿಸ್ಮಿಲ್ಲಾ ಅಂದ ಮೇಲೂ ಕೈ ಓಡಲಿಲ್ಲ. ಆ ಊರಿನ ಅಣ್ಣಾರಾಯನ ಡೀಸೆಲ್ ಕಾರಿನಲ್ಲಿ ರೇಡಿಯೇಟರ್ ನೀರು ದಿನವೂ ಮಾಯವಾಗುತ್ತಿತ್ತು. ನೆಲದ ಮೇಲೆ ಹನಿಯೂ ಇಲ್ಲ. ಪೈಪು, ಮುಚ್ಚಳ ಬದಲಿಸಿ ಆಗಿತ್ತು. ಈ ಸಲವೂ ತಪ್ಪಿದರೆ ಇಂಜಿನ್ನೇ ಸುಡುತ್ತದೆ.

"ಯಾವ ನೀರು ಹಾಕ್ತೀರಿ, ಮಾಲಕ್ರ?"

"ನಮ್ಮ ಬೋರಿಂದು. ನಾವೂ ಅದನ್ನ ಕುಡೀತೀವಿ. ಗಾಡಿ ನಮಗಿಂತ ದೊಡ್ಡದೇನು?"

ಅಲ್ಲಾಭಕ್ಷ ಇಂಜಿನ್ನಿನ ಹೊಗೆಯನ್ನು ಇದೇ ನೀರಿನಿಂದ ತಂಪು ಮಾಡುವ ಕೂಲರ್ ಬಿಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ ಗಾಳಿ ಬಿಟ್ಟಾಗ ಗುಳ್ಳೆಗಳೆದ್ದವು. ಬೋರಿನ ಸವಳು, ಉಪ್ಪು ನೀರು ಒಳಗೇ ತೂತು ಕೊರೆದಿತ್ತು; ಅಲ್ಲಿಂದ ಸೋರಿದ ನೀರು ಹೊಗೆಯೊಂದಿಗೆ ಆವಿಯಾಗಿ ಹೋಗುತ್ತಿತ್ತು. ಹೊಸದು ಹಾಕಿದ. ಸಂಜೆ ನೋಡಿದರೆ ನೀರು ಮತ್ತೆ ಎರಡು ಬೆರಳು ಇಳಿದಿತ್ತು. ನೀರು ತುಂಬುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಿದ್ದು ಇಳಿದದ್ದೋ, ಇನ್ನೊಂದು ತೂತೋ, ತಿಳಿಯಲಿಲ್ಲ.

"ಬಾ ಮಿಸ್ತ್ರಿ, ಮನಿ ಮಟಾ ಬಿಡ್ತೀನಿ," ಅಂದ ಅಣ್ಣಾರಾಯ.

"ಬ್ಯಾಡ್ರಿ. ನೀರು ತುಂಬಿ ಗೆರಿ ಹೊಡದೀನಿ, ಇಳೀತದೋ ಇಲ್ಲೋ ನೋಡೂಣು. ಮುಂಜಾನಿತನ ಗಾಡಿ ಇಲ್ಲೇ ನಿಂದರ್ಲಿ," ಎಂದು ಅಲ್ಲಾಭಕ್ಷ ಬಸ್ಸಿನ ಕಡೆ ನಡೆದ.