ಮೂಕಿ ಚಿತ್ರದ ಚಿಗವ್ವ

ಅವ್ವನ ತಂಗಿಯನ್ನು ನಾವು ಚಿಗವ್ವ ಎನ್ನುತ್ತಿದ್ದೆವು. ನನಗೆ ನೆನಪಿರುವಂತೆ ಅವಳನ್ನು ನಾನು ಮೊದಲು ನೋಡಿದ್ದು ಮನೆಯಲ್ಲಲ್ಲ, ಸಿನಿಮಾದ ಪರದೆಯ ಮೇಲೆ.

ಮೂಡಲಗಿಯಲ್ಲಿ ನಮ್ಮ ಅಜ್ಜನದು ಅರಿವೆಯ ಅಂಗಡಿ. ಲಿಂಗಪೂಜೆ ಮುಗಿಯದೆ ನೀರು ಮುಟ್ಟದ ಮನುಷ್ಯ. ಚಿಗವ್ವನನ್ನು ಚಿಕ್ಕಂದಿನಲ್ಲೇ ಹುಕ್ಕೇರಿಗೆ ಕೊಟ್ಟಿದ್ದರು. ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ತವರಿಗೆ ಮರಳಿದಳು. ನಾನು ಕೂಸಾಗಿದ್ದಾಗ ಅವ್ವನಿಗೆ ಕೈಯಾಸರೆಯಾಗಲೆಂದು ಗೋಕಾಕಿನ ನಮ್ಮ ಮನೆಗೆ ಬಂದಿದ್ದಳು. ಆಗ ಊರಲ್ಲಿ ಒಂದು ನಾಟಕ ಕಂಪನಿ ಬೀಡು ಬಿಟ್ಟಿತ್ತು. ಹೊಳೆಯಲ್ಲಿ ಬಟ್ಟೆ ಒಗೆಯುತ್ತ ಹಾಡುತ್ತಿದ್ದ ಚಿಗವ್ವನ ಧ್ವನಿ ಕಂಪನಿಯ ಹಾರ್ಮೋನಿಯಂ ಮಾಸ್ತರನ ಕಿವಿಗೆ ಬಿತ್ತು. ಕಂಪನಿ ಊರು ಬಿಟ್ಟು ಹೋದಾಗ ಅವಳೂ ಹೋದಳು.

ಸುದ್ದಿ ತಿಳಿದು ಅಜ್ಜ ಅಂಗಡಿಯಲ್ಲೇ ತಣ್ಣೀರು ಮಿಂದನಂತೆ. “ಇನ್ನ ಆಕಿ ನನಗ ಸತ್ತಂಗ” ಅಂದನಂತೆ.

ಕಂಪನಿಯೊಡನೆ ಅವಳು ಕೊಲ್ಲಾಪುರ ಸೇರಿದಳು. ಅಲ್ಲಿ ಮೂಕಿ ಚಿತ್ರ ತೆಗೆಯುತ್ತಿದ್ದರು. ಮರ್ಯಾದಸ್ಥ ಮನೆಯ ಹೆಂಗಸರು ಕ್ಯಾಮೆರಾದ ಮುಂದೆ ಬಾರದ ಕಾಲವದು. ಮೀಸೆ ಬೋಳಿಸಿದ ಗಂಡಸರೇ ಸೀರೆ ಉಟ್ಟು ರಾಣಿಯಾಗುತ್ತಿದ್ದರು. ಎತ್ತರದ ನಿಲುವಿನ, ಅಗಲ ಕಣ್ಣಿನ ಚಿಗವ್ವ ಅವರಿಗೆ ಬೇಕಾದಳು. ಹಾಡುವುದಕ್ಕೆಂದೇ ಮನೆ ಬಿಟ್ಟವಳು ಮಾತೇ ಇಲ್ಲದ ಚಿತ್ರಗಳಲ್ಲಿ ತುಟಿ ಅಲ್ಲಾಡಿಸುತ್ತ ನಿಂತಳು.

ಅಂಥ ಒಂದು ಚಿತ್ರ ಗೋಕಾಕಿನ ಸಿನಿಮಾ ತಂಬುವಿಗೆ ಬಂತು. ಅಪ್ಪ ಹತ್ತಿ ಪೇಟೆಗೆ ಹೋಗಿದ್ದ ದಿನ ಅವ್ವ ಸೆರಗು ಮುಖಕ್ಕೆ ಎಳೆದುಕೊಂಡು ನನ್ನನ್ನು ಕರೆದುಕೊಂಡು ಹೋದಳು. ನೆಲದ ಮೇಲೆ ಕುಳಿತೆವು. ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಕಥೆಯನ್ನು ಕೂಗಿ ಹೇಳುತ್ತಿದ್ದ. ಕಾಡುಪಾಲಾದ ರಾಣಿಯೊಬ್ಬಳು ನೀರಿಲ್ಲದೆ ಬಿದ್ದು ಹೊರಳಾಡುತ್ತಿದ್ದಳು. ಅವ್ವ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಳು. ಆಮೇಲೆ ಎದ್ದು ನಿಂತುಬಿಟ್ಟಳು.

“ಏ, ಆಕಿ ನನ್ನ ತಂಗಿರೀ! ಯಾರರ ಆಕಿಗೆ ನೀರ ಕುಡಸ್ರಿ!”

ಜನ ಗೊಳ್ಳೆಂದು ನಕ್ಕರು. ಹಿಂದಿನಿಂದ ಯಾರೋ “ಕುಂದ್ರವಾ, ಕಾಣವಲ್ದು” ಅಂದ. ಅವ್ವ ಕುಳಿತಳು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ರಾಣಿ ಸತ್ತಳು. ಮನೆಗೆ ಬರುವಾಗ ಅವ್ವ ಕೇಳಿದ್ದು ಒಂದೇ ಮಾತು: “ಆಕಿ ಭಾಳ ಸೊರಗ್ಯಾಳಲ್ಲ?”

ಕೆಲವು ವರ್ಷಗಳಲ್ಲಿ ಮಾತನಾಡುವ ಚಿತ್ರಗಳು ಬಂದವು. ಇನ್ನು ತಂಗಿಯ ಹಾಡು ಊರೂರಿಗೂ ಕೇಳುತ್ತದೆ ಎಂದು ಅವ್ವ ಹಿಗ್ಗಿದಳು. ಆದರೆ ಒಂದು ಮಧ್ಯಾಹ್ನ ಚಿಗವ್ವನೇ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲೊಂದು ತಗಡಿನ ಟ್ರಂಕು, ಕಣ್ಣ ಕೆಳಗೆ ಕಪ್ಪು. ಅಪ್ಪ ಅವಳ ಕೈಯಿಂದ ಟ್ರಂಕು ಇಸಿದುಕೊಂಡ. ಆಮೇಲೆ, “ಒಳಗ ಬಾರವಾ, ಹೊರಗ್ಯಾಕ ನಿಂತಿ” ಅಂದ. ಅಪ್ಪನ ಮೇಲೆ ನನಗೆ ಅಷ್ಟು ಅಭಿಮಾನ ಹಿಂದೆಂದೂ ಬಂದಿರಲಿಲ್ಲ.

ಆ ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವಳು ಹೇಳಿದಳು: “ಅಕ್ಕಾ, ನಾ ಬಾಯಿ ತಗದ್ರ ಮರಾಠಿಯವರು ‘ಕಾನಡಿ ಬಾಯಿ’, ಕನ್ನಡದಾಕಿ, ಅಂತ ನಕ್ಕರು. ಕನ್ನಡ ಚಿತ್ರ ತಗೀತಾರಂತ ಕೇಳಿ ಆ ಕಂಪನಿಗೆ ಓಡಿ ಹೋದ್ನಿ. ಅವರು ನಮ್ಮ ಕಡೆ ಮಾತು ಕೇಳಿ, ‘ಐತಿ, ಹೋಗಾಕ ಅಂತ ಮಾತಾಡೋ ರಾಣಿ ಎಲ್ಲಿರ್ತಾಳಮ್ಮಾ’ ಅಂದ್ರು. ಕಡೀಕ ಒಂದು ಮೂಕಿ ಪಾರ್ಟು ಕೊಟ್ರು. ಎಲ್ಲಾರೂ ಮಾತಾಡೋ ಚಿತ್ರದಾಗ ನಾ ಒಬ್ಬಾಕೇ ಮೂಕಿ.”

ಹೆಂಚಿನ ಮೇಲಿನ ರೊಟ್ಟಿ ಸೀಯಿತು.

ಚಿಗವ್ವ ನಮ್ಮ ಮನೆಯಲ್ಲೇ ಉಳಿದಳು. ಮೂಡಲಗಿಯಿಂದ ಅಜ್ಜನಿಗೆ ಜಡ್ಡಾಗಿದೆಯೆಂಬ ಸುದ್ದಿ ಬಂದಾಗ ಅವ್ವ ಅವಳನ್ನೂ ಹಟ ಹಿಡಿದು ಗಾಡಿಗೆ ಹತ್ತಿಸಿದಳು. ಜೊತೆಗೆ ನಾನೂ ಇದ್ದೆ. ಅಜ್ಜನ ಕಣ್ಣು ಪೊರೆ ಬಂದು ಪೂರಾ ಹೋಗಿದ್ದವು. ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ.

“ಜೊತೀಗೆ ಯಾರ ಬಂದಾರ?”

ಅವ್ವನಿಗೆ ಧೈರ್ಯ ಸಾಲಲಿಲ್ಲ. “ಬಾಜೂ ಮನಿಯಾಕಿ, ಅಪ್ಪಾ” ಅಂದಳು.

“ಕಣ್ಣ ಹೋದಾಗಿಂದ ವಚನ ಓದಾಕ ಆಗವಲ್ದು. ನಿನಗ ಬರತಾವೇನವಾ?”

ಚಿಗವ್ವ ಅವನ ಬದಿಗೆ ಕುಳಿತು ಹಾಡಿದಳು. ಧ್ವನಿ ಮೊದಲು ನಡುಗಿತು, ಆಮೇಲೆ ತೆರೆದುಕೊಂಡಿತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಕಟ್ಟೆಯ ಬಳಿ ನಿಂತರು. ಹಾಡು ಮುಗಿದ ಮೇಲೆ ಅಜ್ಜ ಕೈ ಚಾಚಿದ. ಅವಳು ತನ್ನ ಕೈ ಕೊಟ್ಟಳು.

“ಚೊಲೋ ಹಾಡಿದಿ. ನನ್ನ ಸಣ್ಣ ಮಗಳು ಹಿಂಗ ಹಾಡ್ತಿದ್ಲು.”

“ಈಗ ಎಲ್ಲಿದ್ದಾಳ್ರಿ?” ಚಿಗವ್ವ ಕೇಳಿದಳು.

“ಸತ್ತಳವಾ. ಭಾಳ ದಿನ ಆತು.”

ಅವಳು ಅಳಲಿಲ್ಲ. “ದಣದೀರಿ, ಮಲಗ್ರಿ” ಎಂದು ಕಂಬಳಿ ಸರಿಪಡಿಸಿದಳು. ನಿದ್ದೆ ಬರುವತನಕ ಅಜ್ಜ ಆ ಕೈ ಬಿಡಲಿಲ್ಲ.

ಹಿಂತಿರುಗುವಾಗ ಗಾಡಿಯಲ್ಲಿ ಅವ್ವ, “ಹೇಳಬೇಕಿತ್ತು ನೀ” ಅಂದಳು.

“ಹೇಳಿದ್ರ ಹೊರಗ ಹಾಕ್ತಿದ್ದ, ಇಲ್ಲಾ ಅಳತಿದ್ದ. ಎರಡೂ ನನ್ನ ಕೈಲೆ ನೋಡಾಕ ಆಗತಿರಲಿಲ್ಲಕ್ಕಾ.”

ಅಜ್ಜ ಯುಗಾದಿಗೆ ಮೊದಲೇ ಲಿಂಗೈಕ್ಯನಾದ. ಅವನಿಗೆ ಗೊತ್ತಿತ್ತೆಂದು ಅವ್ವ ಕೊನೆತನಕ ವಾದಿಸುತ್ತಿದ್ದಳು. ನನಗೆ ತಿಳಿಯದು. ಚಿಗವ್ವ ಮುಂದೆ ಉಬ್ಬಸ ಹತ್ತಿ ಒಂದು ಮಳೆಗಾಲದಲ್ಲಿ ಗೋಕಾಕಿನಲ್ಲೇ ತೀರಿಕೊಂಡಳು. ಅವ್ವ ಅವಳ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿದಳು.

ಅವಳ ಚಿತ್ರಗಳಲ್ಲಿ ಒಂದೂ ಉಳಿದಿಲ್ಲವಂತೆ. ಅವಳು ಹೇಗೆ ನಗುತ್ತಿದ್ದಳೆಂದು ನನ್ನ ಮಕ್ಕಳು ಕೇಳಿದರೆ ಮಾಡಿ ತೋರಿಸಲು ನೋಡುತ್ತೇನೆ. ಸರಿಯಾಗಿ ಬರುವುದಿಲ್ಲ.